ನೆಲದ ಡೊಂಕು

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ತನ್ನ ಕೈಲಾಗದ ಕೆಲಸಕ್ಕೆ ಸಾಧನವನ್ನು ದೂರುವವನು ನಗೆಗೀಡಾಗುವುದು ಲೋಕರೂಢಿಯಷ್ಟೆ. ಗಾದೆಯು ಬಹುಮಟ್ಟಿಗೆ ದಿಟವೇ. ಆದರೆ ನೆಲವು ನಿಜವಾಗಿಯೂ ಡೊಂಕಾಗಿದ್ದ ಪಕ್ಷದಲ್ಲಿ, ಎಡವಿದವಳನ್ನೇ ಹಳಿಯುವುದು ನ್ಯಾಯವೇ? ಯಂತ್ರಶಾಲೆಗಳ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ಕೇಳುವವರು ಬರುವುದಕ್ಕೆ ಬಹುಕಾಲ ಹಿಡಿಯಿತು. ಅಷ್ಟರೊಳಗೆ ಎಷ್ಟೋ ಮಂದಿ ದುಡಿಮೆಗಾರರ ಅಂಗಗಳೂ ಪ್ರಾಣಗಳೂ ಬಲಿಯಾಗಿ ಹೋದುವು.

ಇಟಲಿ ದೇಶದ ಮೋದೆನಾ ಪಟ್ಟಣದಲ್ಲಿ ಬೆರ್ನಾರ್ದಿನೋ ರಾಮಾತ್ಸೀನಿ (1633–1714) ಎಂಬ ವೈದ್ಯನಿದ್ದನು. ತನ್ನ ಮನೆಯ ಮಲಗುಂಡಿಯನ್ನು ಶುದ್ಧಿಮಾಡುತ್ತಿದ್ದ ಕೂಲಿಯವನು ಬಹಳ ಅವಸರಪಡುತ್ತಿರುವುದನ್ನು ಕಂಡು ಕಾರಣವನ್ನು ವಿಚಾರಿಸಲು, ಅಲ್ಲಿ ಹೆಚ್ಚು ಹೊತ್ತು ನಿಂತರೆ ಕಣ್ಣೇ ಹೋಗುವುದೆಂದು ಆ ಬಡವನು ಉತ್ತರವಿತ್ತನು. ಆ ಮಾತು ವೈದ್ಯನ ಮನಸ್ಸಿನಲ್ಲಿ ನಾಟಿತು. ಕಸುಬುದಾರರ ರೋಗಗಳನ್ನು ಕುರಿತು ಆತನು ಲ್ಯಾಟಿನ್ ಭಾಷೆಯಲ್ಲಿ ಬರೆದ ಗ್ರಂಥವು 1700ನೆಯ ಇಸವಿಯಲ್ಲಿ ಪ್ರಕಟವಾಯಿತು. ವಿಷಪದಾರ್ಥಗಳಿಂದ ಮಾತ್ರವಲ್ಲದೆ, ದೇಹಪ್ರಕೃತಿಗೆ ಒಗ್ಗದ ಭಂಗಿಯಿಂದಲೂ ಕ್ರಮತಪ್ಪಿದ ಚಲನೆಯಿಂದಲೂ ರೋಗವುಂಟಾಗುವುದೆಂದು ಆತನು ತೋರಿಸಿದನು. ದಿನವೆಲ್ಲ ಕುಳಿತು ಬರೆಯುವ ಗುಮಾಸ್ತರ ಕೈನೋವನ್ನೂ ಬಿಡಲಿಲ್ಲ. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳ ಸಾಲಿಗೆ 'ನಿನ್ನ ಕಸುಬೇನು?' ಎಂಬುದೊಂದನ್ನು ಸೇರಿಸಿದ ಕೀರ್ತಿಯು ಈತನದು.

ಮುಂದಿನ ಶತಮಾನಗಳಲ್ಲಿ ಉಗಿಯ ಯಂತ್ರಗಳು ಬಂದು, ಕೆಲಸದ ವೇಗವನ್ನು ಮನುಷ್ಯನ ಬದಲು ಚಕ್ರವೇ ನಿಶ್ಚಯಿಸತೊಡಗಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ 1898ರಿಂದ 1901ರವರೆಗೆ ಕೆಲಸಮಾಡಿದ ಫ್ರೆಡರಿಕ್ ಟೇಲರನು ಸಲಿಕೆಯನ್ನೇ ಪರೀಕ್ಷೆಗೆ ಒಡ್ಡಿದನು. ಅದೇ ಸಲಿಕೆಯಲ್ಲಿ ಸಣ್ಣ ಕಲ್ಲಿದ್ದಲನ್ನು ತೆಗೆದರೆ ಮೂರೂವರೆ ಪೌಂಡು, ಕಬ್ಬಿಣದ ಅದಿರನ್ನು ತೆಗೆದರೆ 38 ಪೌಂಡು ಭಾರ ಬರುತ್ತಿದ್ದಿತು. ಒಂದು ಸಲಕ್ಕೆ ಸುಮಾರು 21 ಪೌಂಡು ಎತ್ತಿದರೆ ದಿನದ ಕೆಲಸವು ಅತಿಶಯವಾಗುವುದೆಂದು ಕಂಡು, ವಸ್ತುವಿಗೆ ತಕ್ಕಂತೆ ಬೇರೆ ಬೇರೆ ಸಲಿಕೆಗಳನ್ನು ಕೊಡಿಸಿದನು. ಸಾಧನವನ್ನು ಅಳೆದುದು ಒಳ್ಳೆಯದೇ ಆಯಿತು. ಆದರೆ ಟೇಲರನ ಗುರಿಯು ಉತ್ಪತ್ತಿಯ ವೃದ್ಧಿ. ಆತನ ಪದ್ಧತಿಯಲ್ಲಿ ಗಡಿಯಾರವು ಸಲಿಕೆಯನ್ನು ಬಿಟ್ಟು ಮನುಷ್ಯನ ಕಡೆಗೇ ತಿರುಗಿತು. 1911ರಲ್ಲಿ ವಾಟರ್‌ಟೌನಿನ ಸರ್ಕಾರೀ ಆಯುಧಶಾಲೆಯ ಎರಕದವರು, ಗಡಿಯಾರ ಹಿಡಿದು ತಮ್ಮನ್ನು ಅಳೆಯುವುದನ್ನು ಸಹಿಸಲಾರದೆ ಕೆಲಸ ನಿಲ್ಲಿಸಿದರು.

ದಣಿವೆಂಬುದು ಸೋಮಾರಿತನವಲ್ಲವೆಂಬುದನ್ನು ಒಪ್ಪಿಸಲು ಮಹಾಯುದ್ಧವೇ ಬೇಕಾಯಿತು. ಮದ್ದುಗುಂಡುಗಳ ಕಾರ್ಖಾನೆಯಲ್ಲಿ ವಿಶ್ರಾಂತಿಯಿಲ್ಲದೆ ದುಡಿಯುತ್ತಿದ್ದ ಸ್ತ್ರೀಪುರುಷರ ಆರೋಗ್ಯವನ್ನು ವಿಚಾರಿಸಲು ಬ್ರಿಟಿಷ್ ಸರ್ಕಾರವು 1915ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅತಿದೀರ್ಘವಾದ ಕೆಲಸದ ಹೊತ್ತನ್ನು ಇಳಿಸಿದಲ್ಲಿ ಒಟ್ಟು ಉತ್ಪತ್ತಿಯು ಕುಗ್ಗದೆ, ಕೆಲವೆಡೆ ಹೆಚ್ಚಿದುದೂ ಕಂಡುಬಂದಿತು. 1918ರಲ್ಲಿ ದಣಿವಿನ ಸಂಶೋಧನೆಗಾಗಿಯೇ ಅಲ್ಲಿ ಒಂದು ಮಂಡಲಿಯು ಸ್ಥಾಪಿತವಾಯಿತು.

ಎರಡನೆಯ ಮಹಾಯುದ್ಧದ ಕಾಲದ ಸಂಗತಿಯೊಂದು ಇನ್ನೂ ಸ್ಪಷ್ಟವಾದುದು. ಅಮೆರಿಕದ ಬಿ-17 ಎಂಬ ದೊಡ್ಡ ಬಾಂಬರು ವಿಮಾನಗಳು ಕ್ಷೇಮವಾಗಿ ನೆಲಕ್ಕಿಳಿದ ಮೇಲೆ, ಚಾಲಕರು ರೆಕ್ಕೆಯ ಮಡಿಕೆಹಲಗೆಗಳನ್ನು ಎತ್ತಲು ಹೋಗಿ ಚಕ್ರಗಳನ್ನೇ ಎತ್ತಿಬಿಡುತ್ತಿದ್ದರು. ವಿಮಾನವು ಹೊಟ್ಟೆಯ ಮೇಲೆ ಕುಸಿಯುತ್ತಿದ್ದಿತು. 'ಚಾಲಕನ ದೋಷ'ವೆಂದು ಕಡತಗಳಲ್ಲಿ ಬರೆಯಲಾಯಿತು. ಒಹಾಯೋದ ರೈಟ್ ಫೀಲ್ಡಿನಲ್ಲಿದ್ದ ಆಲ್ಫಾನ್ಸ್ ಚಪಾನಿಸ್ ಎಂಬ ಯುವಕ ಮನಶ್ಶಾಸ್ತ್ರಜ್ಞನು 1943ರಲ್ಲಿ ಚಾಲಕನ ಪೀಠವನ್ನು ಪರೀಕ್ಷಿಸಿ ನೋಡಿದನು. ಎರಡು ಕೆಲಸಗಳ ಹಿಡಿಗಳೂ ಒಂದೇ ಆಕಾರದವು, ಒಂದರ ಪಕ್ಕದಲ್ಲಿ ಇನ್ನೊಂದು! ಬೇರೆ ಜೋಡಣೆಯಿದ್ದ ವಿಮಾನಗಳಲ್ಲಿ ಈ ತಪ್ಪು ನಡೆಯುತ್ತಿರಲಿಲ್ಲ. ಚಕ್ರದ ಹಿಡಿಗೆ ರಬ್ಬರಿನ ಪುಟ್ಟ ಚಕ್ರವನ್ನೂ, ರೆಕ್ಕೆಯ ಹಿಡಿಗೆ ಬೆಣೆಯಾಕಾರದ ತುಂಡನ್ನೂ ಕೂಡಿಸಿದ ಮಾತ್ರಕ್ಕೆ, ಕತ್ತಲಲ್ಲಿಯೂ ಕೈಯೇ ಭೇದವನ್ನರಿಯಿತು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬವರು ಇಂತಹ 460 'ಚಾಲಕದೋಷ'ಗಳನ್ನು ವಿಂಗಡಿಸಿದಾಗ, ಅರ್ಧದಷ್ಟು ಒಂದು ಹಿಡಿಗೆ ಬದಲಾಗಿ ಇನ್ನೊಂದನ್ನು ಹಿಡಿದುದೇ ಆಗಿದ್ದಿತು.

ಇಂಗ್ಲೆಂಡಿನ ಹೈವೆಲ್ ಮರೆಲ್ ಮೊದಲಾದವರು 1949ರಲ್ಲಿ ಲಂಡನಿನಲ್ಲಿ ಸೇರಿ ಈ ವಿದ್ಯೆಗೆ ಒಂದು ಸಂಘವನ್ನು ಕಟ್ಟಿ, 'ಎರ್ಗೋನಾಮಿಕ್ಸ್' ಎಂಬ ಹೆಸರನ್ನು ಬಳಕೆಗೆ ತಂದರು. ಗ್ರೀಕ್ ಭಾಷೆಯಲ್ಲಿ ಎರ್ಗೋನ್ ಎಂದರೆ ಕೆಲಸ, ನೋಮಾಸ್ ಎಂದರೆ ನಿಯಮ. ಪೋಲೆಂಡಿನ ಪ್ರಕೃತಿಶಾಸ್ತ್ರಜ್ಞ ವೊಯ್‌ಚೆಖ್ ಯಾಸ್ತ್‌ಷೆಂಬೋವ್‌ಸ್ಕಿಯು 1857ರಲ್ಲಿಯೇ ಈ ಪದವನ್ನು ರಚಿಸಿದ್ದನಾದರೂ ಅದು ಮರೆತುಹೋಗಿದ್ದಿತು. ನಮ್ಮ ವೈಯಾಕರಣರು ಕರ್ತೃವನ್ನು ಸ್ವತಂತ್ರನೆಂದೂ, ಕರಣವನ್ನು ಆತನ ಕ್ರಿಯೆಗೆ ಸಾಧಕವೆಂದೂ ಎಣಿಸಿದ್ದಾರೆ. ಯಂತ್ರಶಾಲೆಯಲ್ಲಿ ಕರಣವೇ ಕರ್ತೃವಾಗಿ ಕುಳಿತು, ಮನುಷ್ಯನು ಅದರ ಅಂಗವಾಗಿದ್ದನು. ಈ ವಿಪರ್ಯಯವನ್ನು ಸರಿಪಡಿಸಿ, ಕೆಲಸವನ್ನು ಮನುಷ್ಯನಿಗೆ ಹೊಂದಿಸಬೇಕೆಂಬುದೇ ಹೊಸ ಶಾಸ್ತ್ರದ ಸಾರ.

ಭಾರತದಲ್ಲಿ 1948ರ ಕಾರ್ಖಾನೆಗಳ ಶಾಸನವು, ನಿಂತೇ ದುಡಿಯಬೇಕಾದವರಿಗೆ ಬಿಡುವು ದೊರೆತಾಗ ಕುಳಿತುಕೊಳ್ಳಲು ತಕ್ಕ ಅನುಕೂಲವಿರಬೇಕೆಂದು ವಿಧಿಸಿದ್ದಿತು. ಆದರೆ ಅಂಗಡಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತಿರುವ ಸ್ತ್ರೀಯರಿಗೆ ಒಂದು ಪೀಠವನ್ನು ಕೊಡಿಸಲು ಕೇರಳದಲ್ಲಿ 2018ರವರೆಗೂ, ತಮಿಳುನಾಡಿನಲ್ಲಿ 2021ರವರೆಗೂ ಕಾಯಬೇಕಾಯಿತು. ಪೀಠದ ಬೆಲೆಯೇನೂ ದೊಡ್ಡದಲ್ಲ. ಕುಳಿತವಳು ಸೋಮಾರಿಯೆಂಬ ಭಾವನೆಯನ್ನು ಬಿಡುವುದೇ ಕಷ್ಟವಾಗಿದ್ದಿತು. ಗಾದೆಯನ್ನು ತಳ್ಳಿಹಾಕಬೇಕಾದುದಿಲ್ಲ. ಎಡವಿದವರನ್ನು ಹಳಿಯುವ ಮುನ್ನ ನೆಲದ ಮೇಲೊಮ್ಮೆ ಮಟ್ಟಗೋಲನ್ನಿಟ್ಟು ನೋಡಿದರೆ ಸಾಕು.