ಬೇಲಿಯೇ ಎದ್ದು ಹೊಲ ಮೇಯ್ದಾಗ: ಬಿಳಿ ರಕ್ತಕಣಗಳ ನೂರು ವರ್ಷದ ಕಥೆ

1/6
ಜ್ವರ ಬಂದಾಗ ರಕ್ತ ಪರೀಕ್ಷೆ ಮಾಡಿಸಿರ್ತೀರಲ್ಲ, ಆ ರಿಪೋರ್ಟಿನಲ್ಲಿ ‘ಟೋಟಲ್ ಕೌಂಟ್’ ಅಂತ ಒಂದು ಸಾಲು ಇರುತ್ತೆ. ಅದು ಬಿಳಿ ರಕ್ತಕಣಗಳ ಲೆಕ್ಕ. ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000. ಸೋಂಕು ತಗುಲಿದ್ರೆ ಸಾಮಾನ್ಯವಾಗಿ ಏರುತ್ತೆ, ಡೆಂಗಿಯಂಥ ಜ್ವರದಲ್ಲಿ ಇಳಿಯುತ್ತೆ. ಇವು ಮೈ ಕಾಯೋ ಸೈನಿಕರು ಅಂತ ನಾವೆಲ್ಲ ಪಾಠದಲ್ಲಿ ಓದಿದ್ದೀವಿ. ಹಾಗಾದ್ರೆ ಜಾಸ್ತಿ ಇದ್ದಷ್ಟೂ ಒಳ್ಳೇದಾ? ಸ್ವೈಪ್ ಮಾಡ್ತಾ ಹೋಗಿ. 👉

2/6
1845. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಾನ್ ಹ್ಯೂಸ್ ಬೆನೆಟ್, ಜರ್ಮನಿಯ ಬರ್ಲಿನ್‌ನಲ್ಲಿ ರುಡಾಲ್ಫ್ ವಿರ್ಕೋ. ಇಬ್ಬರೂ ಬೇರೆ ಬೇರೆಯಾಗಿ, ತೀರಿಕೊಂಡ ರೋಗಿಗಳ ರಕ್ತದಲ್ಲಿ ಒಂದೇ ವಿಚಿತ್ರ ಕಂಡರು. ರಕ್ತದ ತುಂಬ ಬಿಳಿ ಕಣಗಳು! ಬೆನೆಟ್ ಅದನ್ನು ರಕ್ತದಲ್ಲಿ ಕೀವು ತುಂಬಿದ್ದು ಅಂದುಕೊಂಡ. ವಿರ್ಕೋಗೆ ಆಗ ಬರೀ 24 ವರ್ಷ. ಕೀವು ಆಗೋಕೆ ಎಲ್ಲಾದರೂ ಗಾಯ, ಸೋಂಕು ಇರಬೇಕಲ್ಲ? ಹಾಗೇನೂ ಕಾಣಲಿಲ್ಲ. ಇದು ರಕ್ತದ್ದೇ ಕಾಯಿಲೆ ಅಂತ ಅವನು ವಾದಿಸಿದ. 1847ರಲ್ಲಿ ಅದಕ್ಕೆ ‘ಲ್ಯುಕೇಮಿಯಾ’ ಅಂತ ಹೆಸರಿಟ್ಟ. ಗ್ರೀಕ್ ಮೂಲದ ಈ ಪದದ ಅರ್ಥ ‘ಬಿಳಿ ರಕ್ತ’ ಅಷ್ಟೇ. ಹೆಸರೇನೋ ಸಿಕ್ಕಿತು, ಮದ್ದು ಸಿಗಲಿಲ್ಲ.

3/6
ತಮಾಷೆ ಏನು ಗೊತ್ತಾ? ಬಿಳಿ ಕಣಗಳಿಂದ ಬರೋ ಕಾಯಿಲೆ ಮೊದಲು ಗೊತ್ತಾಯ್ತು, ಅವು ಮಾಡೋ ಉಪಕಾರ ಆಮೇಲೆ! 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗಳನ್ನು ನೋಡ್ತಿದ್ದ. ಮರಿಗಳ ಮೈ ಗಾಜಿನ ಹಾಗೆ ಪಾರದರ್ಶಕ. ಅದರೊಳಗೆ ಗುಲಾಬಿ ಮುಳ್ಳು ಚುಚ್ಚಿಟ್ಟು ಬೆಳಗ್ಗೆ ನೋಡಿದ್ರೆ, ಓಡಾಡೋ ಕಣಗಳು ಮುಳ್ಳಿನ ಸುತ್ತ ಮುತ್ತಿಗೆ ಹಾಕಿದ್ದವು. ಬಿಳಿ ಕಣಗಳು ರೋಗಾಣುಗಳನ್ನು ಮೈ ತುಂಬ ಹೊತ್ತು ಹರಡ್ತವೆ ಅಂತ ಆಗ ಎಷ್ಟೋ ವೈದ್ಯರು ನಂಬಿದ್ದರು. ಅವು ನುಂಗಿ ನಾಶ ಮಾಡ್ತವೆ ಅಂತ ಮೆಚ್ನಿಕಾಫ್ ಹೇಳಿದ. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಂತು.

ಸರಿ, ಕಾವಲುಗಾರರೇ ಅಂತಾಯ್ತು. ಮತ್ತೆ ಲ್ಯುಕೇಮಿಯಾದಲ್ಲಿ ಆಗೋದೇನು? ಅಲ್ಲಿ ಹುಟ್ಟೋದು ಬಲಿಯದ ಕಣಗಳು. ಭತ್ತದಲ್ಲಿ ಜೊಳ್ಳಿದ್ದ ಹಾಗೆ. ರಾಶಿ ದೊಡ್ಡದು, ಕಾಳಿಲ್ಲ. ಸೋಂಕಿನ ಜೊತೆ ಹೋರಾಡೋಕೆ ಬರಲ್ಲ, ಸಂಖ್ಯೆ ಹೆಚ್ಚಿಸೋದು ಮಾತ್ರ ನಿಲ್ಲಿಸಲ್ಲ. ಮೂಳೆಯೊಳಗಿನ ಮಜ್ಜೆಯನ್ನೆಲ್ಲ ಅವೇ ಆಕ್ರಮಿಸಿದರೆ ಕೆಂಪು ಕಣಗಳಿಗೂ ಪ್ಲೇಟ್‌ಲೆಟ್‌ಗಳಿಗೂ ಜಾಗವೇ ಇಲ್ಲ.

4/6
ಈಗ ನಮ್ಮ ಬಾಂಬೆಗೆ ಬನ್ನಿ. ಮದ್ದಿನ ದಾರಿ ಶುರುವಾಗೋದು ಇಲ್ಲಿಂದ, ಅದೂ ಬೇರೆಯದೇ ಕಾಯಿಲೆಯಿಂದ. 1928ರಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಇಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯೋ ಬಡ ಹೆಂಗಸರಿಗೆ ಬಸುರಿನಲ್ಲಿ ವಿಪರೀತ ರಕ್ತಹೀನತೆ, ಎಷ್ಟೋ ಜನ ಸಾಯ್ತಿದ್ದರು. ಯೀಸ್ಟಿನ ಸಾರದಿಂದ ಮಾಡೋ ಅಗ್ಗದ ಮಾರ್ಮೈಟ್ ತಿನ್ನಿಸಿದರೆ ಚೇತರಿಸಿಕೊಳ್ತಾರೆ ಅಂತ 1931ರಲ್ಲಿ ಲೂಸಿ ತೋರಿಸಿದರು. ಅದರೊಳಗಿದ್ದ ಆ ಅಂಶವೇ ಫೋಲಿಕ್ ಆಮ್ಲ. ಸೊಪ್ಪಿನಲ್ಲೂ ಇರುತ್ತೆ. ಶಾಲೇಲಿ ವಾರಕ್ಕೊಮ್ಮೆ ಕೊಡ್ತಿದ್ದ ಕಬ್ಬಿಣದ ಮಾತ್ರೆ ನೆನಪಿದ್ಯಾ? ಅದರಲ್ಲೂ ಇದೇ ಇದೆ. ಹೊಸ ಕಣಗಳು ಹುಟ್ಟಬೇಕಾದರೆ ಡಿಎನ್‌ಎ ತಯಾರಾಗಬೇಕು, ಅದಕ್ಕೆ ಫೋಲಿಕ್ ಆಮ್ಲ ಬೇಕೇಬೇಕು.

5/6
1940ರ ದಶಕ, ಅಮೆರಿಕ. ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಲೆಡರ್ಲಿ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥರು. ಅವರ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಲ್ಯುಕೇಮಿಯಾದ ಮಕ್ಕಳಿಗೆ ಕೊಟ್ಟು ನೋಡಿದ. ಕಾಯಿಲೆ ಇನ್ನೂ ವೇಗವಾಗಿ ಬೆಳೆದಂತೆ ಕಂಡಿತು. ಬಾಂಬೆಯ ತಾಯಂದಿರನ್ನು ಉಳಿಸಿದ ಆಹಾರವೇ ಇಲ್ಲಿ ಜೊಳ್ಳಿಗೆ ಗೊಬ್ಬರ!

ಫಾರ್ಬರ್ ತಿರುಗಿಸಿ ಯೋಚಿಸಿದ. ತಿಂದು ಕೊಬ್ಬುತ್ತೆ ಅಂದ್ರೆ, ಉಪವಾಸ ಕೆಡವಿದರೆ? ಸುಬ್ಬರಾವ್ ತಂಡ ಫೋಲಿಕ್ ಆಮ್ಲದ ಹಾಗೇ ಕಾಣುವ, ಆದರೆ ಅದರ ಕೆಲಸವನ್ನೇ ತಡೆಯುವ ಅಮಿನಾಪ್ಟೆರಿನ್ ಮಾಡಿಕೊಟ್ಟಿತು. ಕಣಗಳಿಗೆ ಇದು ಊಟ ಅಂತ ಮೋಸ. 1948ರ ಜೂನ್‌ನಲ್ಲಿ ಫಾರ್ಬರ್ ವರದಿ ಪ್ರಕಟಿಸಿದ. 16 ಮಕ್ಕಳಲ್ಲಿ 10 ಮಕ್ಕಳಿಗೆ ಸುಧಾರಣೆ. ಆ ಸುಧಾರಣೆ ಕೆಲವು ತಿಂಗಳು ಮಾತ್ರ ಉಳಿಯಿತು, ಕಾಯಿಲೆ ಮರಳಿ ಬಂತು. ಆದರೆ ಅಲ್ಲಿಯವರೆಗೆ ಈ ಮಕ್ಕಳಿಗೆ ಅಂಥ ತಿಂಗಳುಗಳನ್ನು ಕೊಡಬಲ್ಲ ಔಷಧಿಯೇ ಇರಲಿಲ್ಲ. ಎರಡು ತಿಂಗಳ ನಂತರ, ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೆ ಸುಬ್ಬರಾವ್ ತೀರಿಕೊಂಡರು.

6/6
ಅದೇ ಜಾತಿಯ ಮೆಥೊಟ್ರೆಕ್ಸೇಟ್ ಇವತ್ತಿಗೂ ಬಳಕೆಯಲ್ಲಿದೆ. ಒಂದೇ ಔಷಧಿ ಸಾಲದು, ಹಲವನ್ನು ಒಟ್ಟಿಗೆ ಕೊಡಬೇಕು ಅಂತ ವೈದ್ಯರು ನಂತರ ಕಲಿತರು. ಮಕ್ಕಳಲ್ಲಿ ಹೆಚ್ಚಾಗಿ ಬರೋ ಲ್ಯುಕೇಮಿಯಾದಲ್ಲಿ, ಒಳ್ಳೆಯ ಚಿಕಿತ್ಸೆ ಇರೋ ದೇಶಗಳಲ್ಲಿ, ಈಗ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕ್ತಾರೆ. ನಮ್ಮಲ್ಲಿ ಕಾಯಿಲೆ ತಡವಾಗಿ ಗೊತ್ತಾಗೋದು, ದುಡ್ಡಿಲ್ಲದೆ, ದೂರದ ಆಸ್ಪತ್ರೆಗೆ ಅಲೆಯಲಾರದೆ ಚಿಕಿತ್ಸೆ ಅರ್ಧಕ್ಕೆ ನಿಲ್ಲೋದು, ಇವು ಎಷ್ಟೋ ಮಕ್ಕಳ ಜೀವ ತೆಗೀತಿವೆ.

ಅದಕ್ಕೇ ಎರಡು ಮಾತು ನೆನಪಿಡಿ. ಕೌಂಟ್ ಸ್ವಲ್ಪ ಏರಿದ ತಕ್ಷಣ ಗೂಗಲ್ ಮಾಡಿ ಹೆದರಬೇಡಿ, ಬಹಳ ಸಲ ಅದು ಬರೀ ಸೋಂಕು. ಆದರೆ ಬಿಡದ ಜ್ವರ, ಬಿಳಿಚಿದ ಮುಖ, ಪೆಟ್ಟು ಬೀಳದೆಯೂ ಮೈಮೇಲೆ ನೀಲಿ ಕಲೆ, ಒಸಡಿನಲ್ಲಿ ರಕ್ತ, ಮೂಳೆ ನೋವು, ಇವು ತಮ್ಮ ತಂಗಿಯರಲ್ಲಿ ಕಂಡರೆ ‘ನೋಡೋಣ ಬಿಡು’ ಅನ್ನಬೇಡಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ? ಎಷ್ಟಿವೆ ಅನ್ನೋದರ ಜೊತೆಗೆ, ಬಲಿತಿವೆಯಾ, ಹೊತ್ತಿಗೆ ನಿಲ್ತವೆಯಾ ಅನ್ನೋದೂ ಮುಖ್ಯ. ಸೇವ್ ಮಾಡ್ಕೊಳ್ಳಿ, ಬಯಾಲಜಿ ಓದೋ ಗೆಳೆಯರಿಗೆ ಕಳಿಸಿ. 🩸

#ಬಿಳಿರಕ್ತಕಣ #ವಿಜ್ಞಾನದಇತಿಹಾಸ #ಕನ್ನಡದಲ್ಲಿವಿಜ್ಞಾನ