ದೂರದಲ್ಲಿದ್ದವರ ನಡೆ: ಟೆಲಿಪ್ರೆಸೆನ್ಸ್ ರೋಬೋಟ್‌ಗೆ ಮನುಷ್ಯ ಚಲನೆ

ಔರಾದಿನಿಂದ ಬೀದರ್ ಸುಮಾರು 40 ಕಿ.ಮೀ.; ಭಾಲ್ಕಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ತಜ್ಞ ವೈದ್ಯರು ಬೇಕೆಂದರೆ ರೋಗಿಯೊಡನೆ ಮನೆಮಂದಿಯೂ ಬೀದರ್‌ನ ಬ್ರಿಮ್ಸ್ ಆಸ್ಪತ್ರೆಗೆ ಹೊರಡಬೇಕು, ಅಲ್ಲಿಂದಾಚೆ ಹೈದರಾಬಾದಿಗೆ. ವಿಡಿಯೊ ಕರೆಯಿಂದ ಈ ಓಡಾಟ ಕೆಲಮಟ್ಟಿಗೆ ತಪ್ಪಬಹುದು. ಆದರೆ ಫೋನು ಹಿಡಿದವರು ತೋರಿಸಿದ್ದಷ್ಟೇ ವೈದ್ಯರ ಕಣ್ಣಿಗೆ ಬೀಳುತ್ತದೆ. ತಾವಾಗಿಯೇ ಮಂಚದ ಇನ್ನೊಂದು ಬದಿಗೆ ಹೋಗಿ ನೋಡುವ ಸ್ವಾತಂತ್ರ್ಯ ಅವರಿಗಿಲ್ಲ. ಆ ಸ್ವಾತಂತ್ರ್ಯ ಕೊಡುವ ಯಂತ್ರವೇ ಟೆಲಿಪ್ರೆಸೆನ್ಸ್ ರೋಬೋಟ್.

ಏನಿದು?

ಗಾಲಿಗಳ ಮೇಲೆ ಒಂದು ಕಂಬ, ಅದರ ತುದಿಗೆ ಪರದೆ, ಕ್ಯಾಮೆರಾ, ಮೈಕು, ಸ್ಪೀಕರು. ದೂರದಲ್ಲಿ ಕೂತವರು ಅಂತರಜಾಲದ ಮೂಲಕ ಅದನ್ನು ಓಡಿಸುತ್ತಾರೆ. ಅವರ ಮುಖ ಪರದೆಯ ಮೇಲೆ ಕಾಣುತ್ತದೆ. ಈ ಕಲ್ಪನೆಗೆ ‘ಟೆಲಿಪ್ರೆಸೆನ್ಸ್’ ಎಂಬ ಹೆಸರು ಬಳಕೆಗೆ ಬಂದದ್ದು ಅಮೆರಿಕದ ವಿಜ್ಞಾನಿ ಮಾರ್ವಿನ್ ಮಿನ್ಸ್ಕಿ 1980ರಲ್ಲಿ ಬರೆದ ಲೇಖನದಿಂದ.

ಬೆಂಗಳೂರಿನ ‘ಮಿತ್ರ’

ಕರ್ನಾಟಕದಲ್ಲಿ ಹೆಸರಾದ ಉದಾಹರಣೆ ಬೆಂಗಳೂರಿನ ಇನ್ವೆಂಟೊ ರೊಬೊಟಿಕ್ಸ್ ಕಟ್ಟಿದ ‘ಮಿತ್ರ’. 2017ರ ನವೆಂಬರಿನಲ್ಲಿ ಹೈದರಾಬಾದಿನ ಜಾಗತಿಕ ಉದ್ಯಮಶೀಲತಾ ಶೃಂಗಸಭೆಯ ವೇದಿಕೆಯ ಮೇಲೆ ಕಾಣಿಸಿಕೊಂಡಾಗ ಅದರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. 2020ರಲ್ಲಿ ಕೋವಿಡ್ ಬಂದ ಮೇಲೆ ಅದಕ್ಕೆ ನಿಜವಾದ ಕೆಲಸ ಸಿಕ್ಕಿತು. ಬೆಂಗಳೂರಿನ ಫೋರ್ಟಿಸ್ ಆಸ್ಪತ್ರೆಯಲ್ಲಿ ಅದು ಬಂದವರ ಜ್ವರ ನೋಡಿ ಪ್ರಶ್ನೆ ಕೇಳಿತು. ನೋಯ್ಡಾದ ಯಥಾರ್ಥ ಆಸ್ಪತ್ರೆಯಲ್ಲಿ, ಯಾರೂ ಒಳಗೆ ಹೋಗುವಂತಿಲ್ಲದ ದಿನಗಳಲ್ಲಿ, ರೋಗಿಗಳು ಅದರ ಎದೆಯ ಮೇಲಿನ ಟ್ಯಾಬ್ಲೆಟ್‌ನಲ್ಲಿ ಮನೆಯವರನ್ನು ಕಂಡು ಮಾತಾಡಿದರು.

ಮಿತ್ರನಿಗೆ ತಲೆಯಿದೆ, ಕಣ್ಣುಗಳಿವೆ. ಆದರೆ ಮಾತಾಡುವ ಮನುಷ್ಯನ ಮುಖ ಇರುವುದು ಎದೆಯ ಮೇಲೆ. ಹಾಗಾದರೆ ರೋಗಿ ಯಾವ ಕಣ್ಣನ್ನು ನೋಡಿ ಮಾತಾಡಬೇಕು? ವಿನ್ಯಾಸಕಾರರನ್ನು ಕಾಡುವ ಪ್ರಶ್ನೆಗಳೆಲ್ಲ ಇಂಥವೇ.

ನಡೆಯಲ್ಲಿ ಮನುಷ್ಯನ ಗುರುತು

ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕತ್ತಲಲ್ಲಿ ನಡೆಯುವವನ ಭುಜ, ಮೊಣಕೈ, ಸೊಂಟ, ಮೊಣಕಾಲುಗಳಿಗೆ ಪುಟ್ಟ ದೀಪಗಳನ್ನು ಕಟ್ಟಿದರು. ನಿಂತಿದ್ದಾಗ ಅವು ಬರೀ ಚುಕ್ಕೆಗಳು; ಹೆಜ್ಜೆ ಹಾಕಿದ ಕೂಡಲೇ ಅದು ಮನುಷ್ಯ ಎಂದು ನೋಡುಗರಿಗೆ ಹೊಳೆಯಿತು. ಮುಖ ಬೇಕಾಗಲಿಲ್ಲ, ಮೈ ಬೇಕಾಗಲಿಲ್ಲ. ರೋಬೋಟ್‌ಗೆ ರಬ್ಬರಿನ ಚರ್ಮ ತೊಡಿಸಲು ಹಣ ಸುರಿಯುವವರು ಈ ಪ್ರಯೋಗವನ್ನು ಮೊದಲು ನೆನೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಚಲನೆಗೆ ಲೆಕ್ಕವೂ ಇದೆ. ಲೋಟಕ್ಕೆ ಕೈಚಾಚುವಾಗ ನಮ್ಮ ಕೈ ನಿಧಾನವಾಗಿ ಹೊರಟು, ನಡುವೆ ವೇಗ ಪಡೆದು, ಲೋಟದ ಹತ್ತಿರ ಮತ್ತೆ ನಿಧಾನವಾಗುತ್ತದೆ. ಜರ್ಕು ಆದಷ್ಟು ಕಡಿಮೆ ಇರುವ ಈ ಚಲನೆಯನ್ನು ಸಂಶೋಧಕರಾದ ಫ್ಲ್ಯಾಶ್ ಮತ್ತು ಹೋಗನ್ 1985ರಲ್ಲಿ ಸೂತ್ರಕ್ಕೆ ಇಳಿಸಿದರು. ಅಗ್ಗದ ಮೋಟಾರು ಹಾಗಲ್ಲ: ತಟ್ಟನೆ ಹೊರಡುತ್ತದೆ, ಒಂದೇ ವೇಗದಲ್ಲಿ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ. ಅದೇ ಮೋಟಾರಿಗೆ ಆ ಸೂತ್ರದಂತೆ ವೇಗ ಹಂಚಿಕೊಟ್ಟರೆ ಎಷ್ಟೋ ಸುಧಾರಿಸುತ್ತದೆ.

ತಿರುಗುವಾಗಿನ ಕ್ರಮವೂ ಮುಖ್ಯ. ಮನುಷ್ಯರಲ್ಲಿ ಮೊದಲು ಕಣ್ಣು, ಆಮೇಲೆ ತಲೆ, ಕೊನೆಗೆ ಮೈ ತಿರುಗುತ್ತದೆ. ರೋಬೋಟ್ ಕೂಡ ಗಾಲಿಗಿಂತ ಮೊದಲು ತಲೆ ಹೊರಳಿಸಿದರೆ, ಅದು ಎತ್ತ ಹೊರಟಿದೆಯೆಂದು ವಾರ್ಡಿನಲ್ಲಿ ಎದುರು ಬರುವ ನರ್ಸಿಗೆ ಮುಂಚೆಯೇ ತಿಳಿಯುತ್ತದೆ.

ಕತ್ತಿನ ಕೆಲಸ

ಚಪ್ಪಟೆ ಪರದೆಯ ಮುಖಕ್ಕೊಂದು ತೊಡಕಿದೆ. ಕ್ಯಾಮೆರಾವನ್ನೇ ನೋಡುತ್ತಿರುವ ಚಿತ್ರ, ಕೋಣೆಯ ಯಾವ ಮೂಲೆಯಿಂದ ಕಂಡರೂ ನಮ್ಮನ್ನೇ ನೋಡುತ್ತಿರುವಂತೆ ತೋರುತ್ತದೆ. ಮಂಚದ ಸುತ್ತ ರೋಗಿಯ ಮಗ, ಸೊಸೆ, ತಮ್ಮ, ಪಕ್ಕದ ಮನೆಯವರು ನಿಂತಿರುವ ನಮ್ಮ ಆಸ್ಪತ್ರೆಗಳಲ್ಲಿ ಇದು ದೊಡ್ಡ ಸಮಸ್ಯೆ. “ಆರಾಮ ಅದೀರೇನ್ರಿ?” ಎಂದು ವೈದ್ಯರು ಕೇಳಿದರೆ ರೋಗಿಯ ಬದಲು ಮಗ ಉತ್ತರ ಕೊಡುತ್ತಾನೆ. ಪರದೆಯೇ ಕತ್ತಿನಂತೆ ಹೊರಳಿ ರೋಗಿಯತ್ತ ನಿಂತರೆ ಪ್ರಶ್ನೆ ಯಾರಿಗೆಂಬುದು ಸ್ಪಷ್ಟ.

ಅಮೆರಿಕದ ಎಂಐಟಿಯಲ್ಲಿ 2010ರಲ್ಲಿ ರೂಪುಗೊಂಡ ‘ಮಿಬಾಟ್’ ಎಂಬ ಪುಟ್ಟ ರೋಬೋಟ್‌ಗೆ ಕತ್ತು, ಕೈಗಳಿದ್ದವು. ಅವು ಆಡುತ್ತಿದ್ದಾಗ, ಅಲುಗದೆ ನಿಂತಿದ್ದಾಗಿನದಕ್ಕಿಂತ ಜನ ಮಾತಿನಲ್ಲಿ ಹೆಚ್ಚು ತೊಡಗಿದರು. 2022ರ ನವೆಂಬರಿನಲ್ಲಿ, ದೂರದಿಂದ ನಡೆಸುವ ರೋಬೋಟ್‌ಗಳ ಅವತಾರ್ ಎಕ್ಸ್‌ಪ್ರೈಜ್ ಸ್ಪರ್ಧೆಯ 50 ಲಕ್ಷ ಡಾಲರ್ ಮೊದಲ ಬಹುಮಾನ ಗೆದ್ದದ್ದು ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ನಿಂಬ್ರೊ ತಂಡ. ಅವರು ತಲೆಯನ್ನು ಕೂರಿಸಿದ್ದು ಆರು ಕೀಲುಗಳ ಯಂತ್ರತೋಳಿನ ತುದಿಗೆ. ನಡೆಸುವವರು ಬಗ್ಗಿ ನೋಡಿದರೆ ರೋಬೋಟ್ ತಲೆಯೂ ಬಗ್ಗುತ್ತಿತ್ತು, ಇಣುಕಿದರೆ ಇಣುಕುತ್ತಿತ್ತು. ನಮ್ಮ ಸೂತ್ರದ ಗೊಂಬೆಯಾಟದವರು ಇದನ್ನು ಎಂದೋ ಬಲ್ಲರು: ಗೊಂಬೆಯ ಮುಖ ಮರದ್ದೇ, ಭಾವವೆಲ್ಲ ತಲೆ ವಾಲುವ ಬಗೆಯಲ್ಲಿ.

ಹತ್ತಿರ ಬರುವ ರೀತಿ

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂತವರಿಗೆ ರೋಬೋಟ್ ನೇರ ಎದುರಿನಿಂದ ಬರುವುದು ಹಿಡಿಸಲಿಲ್ಲ. ಪಕ್ಕದಿಂದ ಬಂದರೆ ಒಪ್ಪಿದರು. ಮಲಗಿದ ರೋಗಿಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು.

ಎಷ್ಟು ಹೋಲಬೇಕು?

ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಎಚ್ಚರಿಸಿದ್ದರು: ಯಂತ್ರ ಮನುಷ್ಯನನ್ನು ಬಹುಪಾಲು ಹೋಲಿ, ಸ್ವಲ್ಪದರಲ್ಲಿ ತಪ್ಪಿದರೆ ನೋಡುವವರಿಗೆ ಮೈ ಜುಮ್ಮೆನ್ನುತ್ತದೆ; ಚಲನೆ ಸೇರಿದರೆ ಅದು ಇನ್ನೂ ತೀವ್ರ. ಆದ್ದರಿಂದ ರೂಪ ಯಂತ್ರದ್ದೇ ಇರಲಿ, ನಡೆ ಮಾತ್ರ ಮನುಷ್ಯರದ್ದಾಗಲಿ.

ಫರಸಿ ಕಲ್ಲಿನ ಮೇಲೆ

ಬೀದರ್ ಸೀಮೆಯ ಹಳೆಯ ಕಟ್ಟಡಗಳಲ್ಲಿ ನೆಲಕ್ಕೆ ಶಹಾಬಾದಿನ ಫರಸಿ ಕಲ್ಲು, ಬಾಗಿಲಿಗೆ ಹೊಸ್ತಿಲು. ಸಣ್ಣ ಗಾಲಿ ಕಲ್ಲಿನ ಸಂದಿ ದಾಟುವಾಗ ಕಂಬದ ತುದಿಯ ಪರದೆ ಮುಂದಕ್ಕೆ ತೂಗುತ್ತದೆ, ಎದುರಿನವರಿಗೆ ವೈದ್ಯರು ‘ಹೂಂ’ ಎಂದು ತಲೆಯಾಡಿಸಿದಂತೆ ಕಾಣುತ್ತದೆ. ಗಾಲಿ ದೊಡ್ಡದಿರಬೇಕು, ಕಂಬದ ಅಲುಗಾಟ ಕತ್ತಿಗೆ ತಾಗದಂತೆ ತಡೆಯಿರಬೇಕು.

ಜಾಲದ ವಿಳಂಬವೂ ಚಲನೆಯನ್ನೇ ಕೆಡಿಸುತ್ತದೆ. ಮಾತಿಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡು ಮೀರದಿದ್ದರೆ ಒಳ್ಳೆಯದೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ತಡವಾಗಿ ಬಂದ ತಲೆಯಾಟ ಮುಂದಿನ ಮಾತಿಗೆ ಒಪ್ಪಿಗೆಯೆನಿಸಿಬಿಡುತ್ತದೆ. ಔಷಧದ ಪ್ರಮಾಣ ಕೇಳುವಾಗ ಇದು ಸಣ್ಣ ತಪ್ಪಲ್ಲ. ಇನ್ನು, ನಮ್ಮವರು ‘ಆಯ್ತು’ ಎನ್ನಲು ತಲೆಯನ್ನು ಓರೆಯಾಗಿ ಅತ್ತಿತ್ತ ವಾಲಿಸುತ್ತಾರೆ. ಅದಕ್ಕೆ ಕತ್ತಿನಲ್ಲಿ ಬೇರೆಯೇ ಒಂದು ಕೀಲು ಬೇಕು. ಎಡಬಲ, ಮೇಲೆಕೆಳಗೆ ಮಾತ್ರ ತಿರುಗುವ ಕತ್ತಿನಿಂದ ಅದು ಸಾಧ್ಯವಿಲ್ಲ. ಬೀದರ್, ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಕೈಗೆತ್ತಿಕೊಳ್ಳಬಹುದಾದ ಕೆಲಸವಿದು: ಮೂರು ಸರ್ವೊ ಮೋಟಾರು, ಒಂದು ಹಳೆಯ ಟ್ಯಾಬ್ಲೆಟ್ಟು, ಪರೀಕ್ಷಿಸಲು ತಾಲ್ಲೂಕು ಆಸ್ಪತ್ರೆಯ ಒಂದು ವಾರ್ಡು.