ಬೀದಿಗಿಳಿದ ದೂರದರ್ಶಕ

1915ರಲ್ಲಿ ಬೀಜಿಂಗಿನಲ್ಲಿ ಜನಿಸಿದ ಜಾನ್ ಡಾಬ್ಸನ್ನರು 1944ರಲ್ಲಿ ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ನಗರದ ವೇದಾಂತ ಮಠವನ್ನು ಸೇರಿದರು. ವಿಶ್ವವನ್ನು ಕಣ್ಣಾರೆ ಕಾಣುವ ಹಂಬಲದಿಂದ ಹಡಗಿನ ಕಿಟಕಿಯ ಗಾಜನ್ನು ಉಜ್ಜಿ 12 ಅಂಗುಲದ ದರ್ಪಣವನ್ನು ರಚಿಸಿದರು. ಅದರಲ್ಲಿ ಚಂದ್ರನನ್ನು ಕಂಡೊಡನೆ, ಈ ನೋಟವು ಸರ್ವರಿಗೂ ದೊರೆಯತಕ್ಕದ್ದೆಂದು ಅವರಿಗೆ ತೋರಿತು. ದೂರದರ್ಶಕದೊಡನೆ ಊರಲ್ಲಿ ತಿರುಗುವುದು ಮಠದ ನಿಯಮಕ್ಕೆ ಒಗ್ಗದೆ, 1967ರಲ್ಲಿ ಮಠವನ್ನೇ ಬಿಡಬೇಕಾಯಿತು. ಮರುವರ್ಷವೇ ‘ಸೈಡ್‌ವಾಕ್ ಅಸ್ಟ್ರಾನಮರ್ಸ್’, ಎಂದರೆ ಬೀದಿಯಂಚಿನ ಖಗೋಳಜ್ಞರು, ಎಂಬ ಸಂಘವು ಹುಟ್ಟಿತು. ರಟ್ಟಿನ ಕೊಳವೆ, ಮರದ ಹಲಗೆಯ ಪೀಠ, ಇವೇ ಅದರ ಬಂಡವಾಳ. ದಾರಿಹೋಕರು ಶುಲ್ಕವಿಲ್ಲದೆ ಶನಿಯ ಬಳೆಗಳನ್ನು ಕಂಡರು. ಆ ಸುಲಭ ಪೀಠವು ಡಾಬ್ಸನ್ನರ ಹೆಸರಿನಿಂದಲೇ ಲೋಕದಲ್ಲೆಲ್ಲ ಹಬ್ಬಿತು. ಅವರಾದರೋ, ಹಿಂದಿನ ಫಿರಂಗಿಗಳೂ ಇಂತಹ ಪೀಠಗಳ ಮೇಲೆಯೇ ಕುಳಿತಿದ್ದುವೆಂದು ಹೇಳಿ, 2014ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕೆ ಪೇಟೆಂಟನ್ನು ಪಡೆಯಲಿಲ್ಲ.